ಮನೆ ಮನೆಗೆ ಹೋಗುವ ವಿಆರ್‌ಡಬ್ಲ್ಯು

ತಿಪಟೂರು ಕಡೆಯ ದಬ್ಬೇಘಟ್ಟ ಹೋಬಳಿಯಲ್ಲಿ ಬದುಕೆಲ್ಲ ತೆಂಗಿನ ಸುತ್ತಲೇ. ಕಾಯಿ ಕೆಡವಬೇಕು, ಹೊತ್ತು ತರಬೇಕು, ಅಟ್ಟಕ್ಕೆ ಏರಿಸಬೇಕು. ತಿಂಗಳುಗಟ್ಟಲೆ ಒಣಗಿದ ಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆದು ತಿಪಟೂರು ಎಪಿಎಂಸಿಗೆ ಹಾಕಬೇಕು. ಎಲ್ಲವೂ ಕೈಕಾಲು ಗಟ್ಟಿ ಇದ್ದವರ ಕೆಲಸ. ಮಗುವಾಗಿದ್ದಾಗ ಪೋಲಿಯೊ ತಗುಲಿದವರಿಗೆ, ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರಿಗೆ ಉಳಿಯುವುದು ಅಂಗಳದಲ್ಲಿ ಒಣಹಾಕಿದ್ದನ್ನು ಕಾಯುವ ಕೆಲಸ. ‘ನೀನ್ ಸುಮ್ನೆ ಕುಂತ್ಕೊಳಪ್ಪ, ನಾವ್ ಮಾಡ್ಕೋತೀವಿ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಮಾತಿನ ಭಾರ ಗೊತ್ತಿರುವುದು ಅದನ್ನು ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ.

ಕುಳಿತೇ ಇರಬೇಕಾಗಿದ್ದ ಅಂಥವರನ್ನು ಊರ ಕೆಲಸಕ್ಕೆ ಎಬ್ಬಿಸಿದ ಒಂದು ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬುದು ಕಾಗದದ ಮೇಲಿನ ಹೆಸರು. ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಅವರು ‘ವಿಆರ್‌ಡಬ್ಲ್ಯು’. ಗ್ರಾಮ ಪಂಚಾಯಿತಿಗೆ ಒಬ್ಬರು. ತಾಲ್ಲೂಕು ಮಟ್ಟದಲ್ಲಿ ಇವರನ್ನು ನೋಡಿಕೊಳ್ಳಲು ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ವಿಆರ್‌ಡಬ್ಲ್ಯು ಆ ಪಂಚಾಯಿತಿಯ ವಾಸಿಯಾಗಿರಬೇಕು, ಸ್ವತಃ ವಿಕಲಚೇತನರಾಗಿರಬೇಕು ಎಂಬ ಎರಡು ಷರತ್ತುಗಳಲ್ಲೇ ಈ ಯೋಜನೆಯ ಜೀವ ಇರುವುದು.

ಅವರ ಚೀಲದಲ್ಲಿ ಅರ್ಜಿ ನಮೂನೆ, ಆಧಾರ್ ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಹೆಬ್ಬೆಟ್ಟಿಗೆ ಸ್ಟಾಂಪ್ ಪ್ಯಾಡ್. ಕೆಲಸ ಮಾತ್ರ ಚೀಲ ಬಿಚ್ಚುವ ಮೊದಲೇ, ಬಾಗಿಲಲ್ಲೇ ಶುರುವಾಗುತ್ತದೆ. ಬುದ್ಧಿ ಬೆಳೆಯದ ಮಗುವನ್ನು ಒಳಕೋಣೆಯಲ್ಲಿ ಇಟ್ಟುಕೊಂಡ ತಾಯಿ ಸಮೀಕ್ಷೆಗೆ ಬಂದವರಿಗೆಲ್ಲ ‘ನಮ್ಮನೇಲಿ ಅಂಥೋರು ಯಾರೂ ಇಲ್ಲ’ ಎಂದು ಹೇಳಿ ಕಳಿಸಿರುತ್ತಾಳೆ. ಕ್ಯಾಲಿಪರ್ ಹಾಕಿದ ಕಾಲೆಳೆದುಕೊಂಡು ಬಂದವನು ಜಗಲಿ ಮೇಲೆ ಕೂತು ನೀರು ಕೇಳಿ ಕುಡಿದಾಗ ಅದೇ ತಾಯಿ, ‘ನಿನಗೆ ಯಾವಾಗಿಂದ ಹಿಂಗಾಯ್ತಣ್ಣ?’ ಎಂದು ತಾನೇ ಮಾತು ತೆಗೆಯುತ್ತಾಳೆ. ಹತ್ತು ಸುತ್ತೋಲೆಯಿಂದ ಆಗದ್ದು ಆ ಒಂದು ಪ್ರಶ್ನೆಯಿಂದ ಆಗುತ್ತದೆ. ಅಲ್ಲಿಂದ ಮುಂದೆ ತಾಲ್ಲೂಕು ಆಸ್ಪತ್ರೆಯ ತಪಾಸಣೆ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನಕ್ಕಾಗಿ ನಾಡಕಚೇರಿಗೆ ಅಲೆದಾಟ, ಮಗುವಿಗೆ ಶಾಲೆ.

ನನ್ನ ಗಮನ ಇರುವುದು ಈ ಅಲೆದಾಟ ಅಲೆಯುವವನನ್ನು ಏನು ಮಾಡುತ್ತದೆ ಎಂಬುದರ ಮೇಲೆ. ನಿನ್ನೆಯವರೆಗೆ ತನ್ನ ಸರ್ಟಿಫಿಕೇಟಿಗಾಗಿ ಕಚೇರಿಯ ಬೆಂಚಿನ ಮೇಲೆ ಕಾದವನು ಇಂದು ಇನ್ನೊಬ್ಬರ ಕಡತ ಹಿಡಿದು ಅದೇ ಮೇಜಿನ ಮುಂದೆ ನಿಂತು ‘ಸಾರ್, ಇದು ಯಾಕೆ ಬಾಕಿ ಉಳೀತು?’ ಎನ್ನುತ್ತಾನೆ. ತನಗಾಗಿ ಕೇಳುವಾಗ ಕುಗ್ಗುತ್ತಿದ್ದ ದನಿ ಬೇರೆಯವರಿಗಾಗಿ ಕೇಳುವಾಗ ಗಟ್ಟಿಯಾಗುತ್ತದೆ. ಕಾನೂನನ್ನೂ ಅವನು ಬಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಆಯಿತು ಎಂಬುದನ್ನು ಅವನು ತನ್ನ ಊರಿನ ಮುಖಗಳ ಮೂಲಕ ಕಲಿತಿರುತ್ತಾನೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ತನ್ನ ಪಂಚಾಯಿತಿಯವರು ಯಾರ್‍ಯಾರು, ಯಾರ ಮನೆ ಎಲ್ಲಿ ಎಂದು ಅವನಿಗೆ ಬಾಯಿಪಾಠ.

ಸೇವೆಯಿಂದಲೇ ಬೆಳೆದು ದೊಡ್ಡ ಜಾಗ ತಲುಪಿದ ಉದಾಹರಣೆ ಮಂಡ್ಯದ ಕೆ.ಎಸ್. ರಾಜಣ್ಣ. ಎಳವೆಯಲ್ಲೇ ಪೋಲಿಯೊದಿಂದ ಕೈಕಾಲುಗಳನ್ನು ಕಳೆದುಕೊಂಡ ಅವರು ವಿಕಲಚೇತನರ ಸೇವೆಗೇ ನಿಂತು ಅಂಗವಿಕಲರ ಅಧಿನಿಯಮದ ರಾಜ್ಯ ಆಯುಕ್ತರಾದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಸೇವೆಯ ಈ ಪಾಠ ಇನ್ನೂ ಮೊದಲೇ, ಕಾಲೇಜಿನಲ್ಲೇ ಶುರುವಾಗಬಹುದು. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಆರಂಭಿಸಿದರು. ಸ್ವಯಂಸೇವಕ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ ಇರುತ್ತದೆ. ಶಿಬಿರ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಗುದ್ದಲಿ, ಪುಟ್ಟಿ, ಚರಂಡಿ. ಹಾಗಾಗಿ ಊರುಗೋಲಿನ ಹುಡುಗ ಹೆಸರು ಕೊಡಲು ಬಂದರೆ ‘ನಿನಗ್ಯಾಕಪ್ಪ ಕಷ್ಟ’ ಎನ್ನುವವರು ಅಲ್ಲೂ ಸಿಗುತ್ತಾರೆ. ಅದೇ ಶಿಬಿರದಲ್ಲಿ ಮನೆ ಸಮೀಕ್ಷೆ ಇದೆ, ಆರೋಗ್ಯ ತಪಾಸಣೆಯ ನೋಂದಣಿ ಇದೆ, ಸಂಜೆ ಊರವರನ್ನು ಸೇರಿಸಿ ಮಾತಾಡಿಸುವುದಿದೆ. ಏಳು ದಿನ ಶಾಲೆಯ ಜಮಖಾನದ ಮೇಲೆ ಎಲ್ಲರ ಜೊತೆ ಮಲಗಿ, ಸರದಿಯಲ್ಲಿ ಅನ್ನ ಬಡಿಸಿ, ಗೊತ್ತಿಲ್ಲದವರ ಮನೆ ಬಾಗಿಲು ತಟ್ಟಿದ ಅಭ್ಯಾಸ ಮುಂದೆ ವಿಆರ್‌ಡಬ್ಲ್ಯು ಆಗುವವನಿಗೆ ಯಾವ ತರಬೇತಿಗಿಂತ ಕಡಿಮೆ? ಅವನು ಸೇರಿದ್ದರಿಂದ ಉಳಿದ ಹುಡುಗರೂ ಕಲಿಯುತ್ತಾರೆ.

ವಿಆರ್‌ಡಬ್ಲ್ಯುಗಳು ಕಾಯಂ ನೌಕರರಲ್ಲ, ಗೌರವಧನದ ಮೇಲೆ ದುಡಿಯುವವರು. ನಡೆಯಲು ಕಷ್ಟಪಡುವವರು ತೋಟದ ದಾರಿಗಳಲ್ಲಿ ಮನೆ ಮನೆ ತಿರುಗುವ ಕೆಲಸಕ್ಕೆ ಆ ಮೊತ್ತ ಸಾಲದು. ಸೇವೆ ಮನುಷ್ಯನನ್ನು ಬೆಳೆಸುತ್ತದೆ ಎಂಬುದು ನಿಜ, ಆದರೆ ಆ ಮಾತು ಕಡಿಮೆ ಸಂಬಳಕ್ಕೆ ನೆಪ ಆಗಬಾರದು. ಸೇವಾ ಭದ್ರತೆಗಾಗಿ ಅವರು ಇಟ್ಟಿರುವ ಬೇಡಿಕೆ ನ್ಯಾಯವಾದದ್ದು.

ಕಾಲೇಜುಗಳ ಎನ್ನೆಸ್ಸೆಸ್ ಅಧಿಕಾರಿಗಳು ಈ ಸಲದ ಶಿಬಿರಕ್ಕೆ ವಿಕಲಚೇತನ ವಿದ್ಯಾರ್ಥಿಗಳ ಹೆಸರನ್ನೂ ಬರೆದುಕೊಳ್ಳಲಿ, ಶಿಬಿರದ ಊರಿನ ವಿಆರ್‌ಡಬ್ಲ್ಯುವನ್ನು ಒಂದು ಸಂಜೆ ಮಾತಿಗೆ ಕರೆಯಲಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಳಕೋಣೆಯಲ್ಲೇ ಉಳಿದವರು ಯಾರಾದರೂ ಇದ್ದರೆ ಪಂಚಾಯಿತಿ ಕಚೇರಿಗೆ ಹೋಗಿ ವಿಆರ್‌ಡಬ್ಲ್ಯು ಯಾರೆಂದು ಕೇಳಿ, ಮನೆಗೆ ಕರೆಯಿರಿ.