ಕಡಲ ತಳದ ಬ್ಯಾಕ್ಟೀರಿಯಾ ಮತ್ತು ಕೃಷ್ಣಾ ತೀರದ ಚಿನ್ನ

1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ, ಸುಮಾರು 2,500 ಮೀಟರ್ ಆಳದಲ್ಲಿ, ‘ಆಲ್ವಿನ್’ ಜಲಾಂತರ್ವಾಹಿನಿಯಲ್ಲಿ ತೆರಳಿದ ವಿಜ್ಞಾನಿಗಳು ಬಿಸಿನೀರಿನ ಬುಗ್ಗೆಗಳನ್ನು ಕಂಡರು. ಸೂರ್ಯನ ಬೆಳಕು ತಲುಪದ ಆ ತಾಣದಲ್ಲಿ ಜೀವರಾಶಿ ತುಂಬಿತ್ತು. ಅಲ್ಲಿನ ಬ್ಯಾಕ್ಟೀರಿಯಾಗಳು ಬುಗ್ಗೆಯಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡಿನಿಂದ ಶಕ್ತಿ ಪಡೆದು, ಇಂಗಾಲದ ಡೈಆಕ್ಸೈಡನ್ನು ಆಹಾರವಾಗಿ ಮಾರ್ಪಡಿಸಿಕೊಳ್ಳುತ್ತವೆ. ಇಂತಹ ಬುಗ್ಗೆಗಳ ಸುತ್ತ ಸಂಚಯಗೊಂಡ ಲೋಹ-ಸಲ್ಫೈಡುಗಳ ಅನ್ವೇಷಣೆಗಾಗಿ ಭಾರತವು 2016ರಲ್ಲಿ ಹಿಂದೂ ಮಹಾಸಾಗರದ 10,000 ಚದರ ಕಿ.ಮೀ. ಪ್ರದೇಶದ ಒಪ್ಪಂದ ಮಾಡಿಕೊಂಡಿತು.

ಸಮುದ್ರವಿಲ್ಲದ ಯಾದಗಿರಿ ಜಿಲ್ಲೆಗೂ ಈ ವಿಷಯ ಅನ್ಯವಲ್ಲ. ಸುರಪುರ ಸೀಮೆಯ ಮಂಗಳೂರಿನಲ್ಲಿ ಹಳೆಯ ಚಿನ್ನದ ಗಣಿಯ ಕುರುಹುಗಳಿವೆ. ಕೃಷ್ಣೆಯ ಆಚೆ ಹಟ್ಟಿಯ ಗಣಿ ಇಂದಿಗೂ ನಡೆಯುತ್ತಿದೆ. ಹಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ಕಾಣುವ ದಿಂಬಿನಾಕಾರದ ಲಾವಾಶಿಲೆಗಳು, 250 ಕೋಟಿ ವರ್ಷಗಳಿಗೂ ಹಿಂದೆ ಆ ಲಾವಾರಸ ನೀರಿನಡಿಯಲ್ಲಿ ಹೆಪ್ಪುಗಟ್ಟಿತೆಂಬುದಕ್ಕೆ ಸಾಕ್ಷಿ.

ಕೆಲವು ಅದಿರುಗಳಲ್ಲಿ ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಖನಿಜದೊಳಗೆ ಚಿನ್ನವು ಸೂಕ್ಷ್ಮ ಕಣಗಳಾಗಿ ಅಡಗಿರುತ್ತದೆ. ಸೈನೈಡ್ ದ್ರಾವಣ ಅದನ್ನು ತಲುಪದು. ಅದಿರನ್ನು ಹುರಿದರೆ ವಿಷಾನಿಲ ಹೊರಬೀಳುತ್ತದೆ. ಇಲ್ಲಿ ನೆರವಾಗುವುದು ‘ಅಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್’ ಎಂಬ ಬ್ಯಾಕ್ಟೀರಿಯಾ. ಇದು ಕಡಲ ತಳದ ಪ್ರಭೇದವಲ್ಲವಾದರೂ ಜೀವನಕ್ರಮ ಅದೇ: ಬೆಳಕಿನ ಹಂಗಿಲ್ಲದೆ ಕಬ್ಬಿಣ, ಗಂಧಕಗಳಿಂದ ಶಕ್ತಿ ಪಡೆದು, ಖನಿಜವನ್ನು ಕರಗಿಸಿ, ಚಿನ್ನವನ್ನು ತೆರೆದಿಡುತ್ತದೆ. ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಲ್ಲಿಯೇ ಈ ಬಗೆಯ ವಿಧಾನ ವಾಣಿಜ್ಯ ಬಳಕೆಗೆ ಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಅವರ ಸಂಶೋಧನೆಯ ಆಧಾರದ ಮೇಲೆ ಹಟ್ಟಿಯಲ್ಲಿಯೂ ಪ್ರಾತ್ಯಕ್ಷಿಕ ಸ್ಥಾವರ ಸಿದ್ಧವಾಯಿತು.

ಉದ್ಯಮಿಗಳು ಗಮನಿಸಬೇಕಾದುದು ವೆಚ್ಚದ ಸ್ವರೂಪವನ್ನು. ಬ್ಯಾಕ್ಟೀರಿಯಾಕ್ಕೆ ಕೂಲಿಯಿಲ್ಲ, ಆದರೆ ಅವಸರವೂ ಇಲ್ಲ. ಅದಿರಿನ ಸಾರ ತೊಟ್ಟಿಗಳಲ್ಲಿ ಸಾಮಾನ್ಯವಾಗಿ 4ರಿಂದ 6 ದಿನ ಉಳಿಯುವುದರಿಂದ ದುಡಿಯುವ ಬಂಡವಾಳವೂ ಅಷ್ಟು ಕಾಲ ತೊಡಗಿಕೊಳ್ಳುತ್ತದೆ. ಗಾಳಿ ಹಾಯಿಸಲು, ತೊಟ್ಟಿ ತಂಪಾಗಿಸಲು ವಿದ್ಯುತ್ ಬೇಕು. ಉತ್ಪತ್ತಿಯಾಗುವ ಆಮ್ಲವನ್ನು ಶಮನಗೊಳಿಸಲು ಸುಣ್ಣಕಲ್ಲು ಬೇಕು. ಶಹಾಪುರ ಭಾಗದ ಸುಣ್ಣಕಲ್ಲಿಗೆ ಇಲ್ಲೊಂದು ಮಾರುಕಟ್ಟೆಯ ಸಾಧ್ಯತೆಯಿದೆ.

ಉಳಿಯುವ ಪ್ರಶ್ನೆ ಆರ್ಸೆನಿಕ್‌ನದು. ಅದನ್ನು ಕರಗದ ಲವಣವಾಗಿಸಿ ಭದ್ರವಾಗಿ ಇಡದಿದ್ದಲ್ಲಿ ಕೃಷ್ಣೆಯ ನೀರನ್ನು ನಂಬಿದ ಭತ್ತದ ಗದ್ದೆಗಳು ಅದರ ಬೆಲೆ ತೆರಬೇಕಾದೀತು. ಆ ನಷ್ಟ ಯಾವ ಕಂಪನಿಯ ಆಢಾವೆ ಪತ್ರಿಕೆಯಲ್ಲಿಯೂ ಕಾಣಿಸದು. ಆದುದರಿಂದ ತ್ಯಾಜ್ಯ ನಿರ್ವಹಣೆಯ ವೆಚ್ಚವನ್ನು ಯೋಜನಾ ವರದಿಯ ಮೊದಲ ಪುಟದಲ್ಲಿಯೇ ಸೇರಿಸುವುದು ವಿವೇಕ. ಅದನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಲಾಭ.