ಗಾಡಿ ನೀರಿಗೆ ಬಿದ್ದಾಗ ಮೊದಲ ಒಂದು ನಿಮಿಷ

ಮೇವು, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಹಾಲಿನ ಜಿಡ್ಡು. ನಮ್ಮ ಪತ್ರಿಕೆಯಲ್ಲಿ ಸದಸ್ಯ ಬಾಂಧವರು ಸಾಮಾನ್ಯವಾಗಿ ಓದುವುದು ಇಂಥ ವಿಷಯಗಳನ್ನೇ. ಈ ಸಲ ಬೇರೊಂದು ವಿಷಯ ಬರೆಯುತ್ತಿದ್ದೇವೆ. ಇದು ದನದ್ದಲ್ಲ, ದನ ಸಾಕುವವರದ್ದು. ಹಾಲಿನ ಗಾಡಿ, ಟಂಟಂ, ಜೀಪು, ಕಾರು, ಯಾವುದೇ ಆಗಲಿ, ಆಯ ತಪ್ಪಿ ಕಾಲುವೆಗೋ ಹಳ್ಳಕ್ಕೋ ಹಿನ್ನೀರಿಗೋ ಬಿದ್ದರೆ ಒಳಗಿದ್ದವರು ಹೇಗೆ ಹೊರಗೆ ಬರಬೇಕು ಎಂಬುದು. ಇದನ್ನು ಬಿದ್ದ ಮೇಲೆ ಯೋಚಿಸಲು ಸಮಯ ಇರುವುದಿಲ್ಲ. ಮನೆಯಲ್ಲಿ ಕುಳಿತು ಓದುವಾಗಲೇ ತಿಳಿದುಕೊಂಡಿರಬೇಕು.

ನಮ್ಮ ಭಾಗಕ್ಕೆ ನೀರಿನ ಗಂಡಾಂತರ ಇಲ್ಲ, ಇಲ್ಲಿ ಇರುವುದು ಬರಗಾಲವೇ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಮಲಪ್ರಭೆ ಬಾದಾಮಿ ತಾಲ್ಲೂಕಿನಲ್ಲಿ ಹರಿದು, ಪಟ್ಟದಕಲ್ಲು, ಐಹೊಳೆಗಳನ್ನು ಹಾದು, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾಗಲಕೋಟೆಯ ಹಳೇ ಊರಿನ ಅಂಚಿಗೆ ಆಲಮಟ್ಟಿಯ ಹಿನ್ನೀರು ನಿಂತಿದೆ. ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಖಾನಾಪುರದ ಕಡೆ ಮಳೆ ಹಿಡಿದು ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಂದದ್ದನ್ನೂ, 2019ರ ಆಗಸ್ಟ್‌ನಲ್ಲಿ ಬಂದದ್ದನ್ನೂ ಹೊಳೆಸಾಲಿನವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. 2019ರಲ್ಲಿ ಗೋವನಕೊಪ್ಪ ಮತ್ತು ಕೊಣ್ಣೂರಿನ ನಡುವಿನ ಸೇತುವೆಯ ಮೇಲೆ ಸಂಚಾರವೇ ನಿಂತಿತ್ತು. ಇಳಕಲ್, ಹುನಗುಂದದ ಕಡೆಯ ಹಳ್ಳಗಳ ಗುಣವಂತೂ ಎಲ್ಲರಿಗೂ ಗೊತ್ತು. ಮಧ್ಯಾಹ್ನ ದನ ಅಡ್ಡಾಡುವ ಉಸುಕು, ಸಂಜೆ ಅಡ್ಡಮಳೆ ಬಂದರೆ ಆಳೆತ್ತರದ ನೀರು.

ಇದರ ಜೊತೆಗೆ ನಮ್ಮ ಕಸುಬಿನದೇ ಒಂದು ಒತ್ತಡ ಇದೆ. ಹಾಲು ಕಾಯುವುದಿಲ್ಲ. ಕರೆದು ಮೂರು ನಾಲ್ಕು ತಾಸಿನೊಳಗೆ ತಂಪಾಗದಿದ್ದರೆ ಹುಳಿ ತಿರುಗುತ್ತದೆ. ಗಾಡಿಯ ತುಂಬ ಕ್ಯಾನು ಇಟ್ಟುಕೊಂಡು ಹಳ್ಳದ ದಂಡೆಗೆ ಬಂದ ಚಾಲಕ, “ಮೊಣಕಾಲ್ ಮಟ್ಟ ಐತ್ರಿ, ಒಂದ ಸಲಕ್ಕ ದಾಟಿಸಿಬಿಡ್ತೀನಿ” ಎನ್ನುವುದು ಈ ಕಾರಣಕ್ಕೆ. ಅವನ ಮನಸ್ಸಿನಲ್ಲಿ ನೀರಿಗಿಂತ ಹಾಲು ದೊಡ್ಡದಾಗಿರುತ್ತದೆ. ಅಂಥ ದಿನ ಹಾಲನ್ನು ಹತ್ತಿರದ ಶೀತಲೀಕರಣ ಘಟಕವಿರುವ ಸಂಘಕ್ಕೆ ಇಳಿಸಬಹುದು. ಅದೂ ಆಗದಿದ್ದರೆ ಮೊಸರು ಹಾಕಬಹುದು. ಒಂದು ಹೊತ್ತಿನ ಹಾಲು ಹೋದರೆ ಹೋಯಿತು. ಗಾಡಿ ತಡವಾಯಿತೆಂದು ಚಾಲಕನನ್ನು ಬೈಯುವ ಮೊದಲು ಸಂಘದ ಕಾರ್ಯದರ್ಶಿಗಳು ಇದನ್ನು ಲಕ್ಷ್ಯದಲ್ಲಿ ಇಡಬೇಕು.

ಮೊಣಕಾಲು ಮಟ್ಟದ ನೀರು ಏನು ಮಾಡುತ್ತದೆ?

ಲ್ಯಾಕ್ಟೋಮೀಟರ್ ಹಾಲಿನಲ್ಲಿ ತೇಲುವುದನ್ನು ದಿನಾ ನೋಡುತ್ತೇವೆ. ಯಾವ ವಸ್ತುವೇ ಆಗಲಿ, ತಾನು ಸರಿಸಿದ ದ್ರವದ ತೂಕದಷ್ಟು ಬಲದಿಂದ ಮೇಲಕ್ಕೆ ಎತ್ತಲ್ಪಡುತ್ತದೆ. ಕಾರಿಗೂ ಇದೇ ನಿಯಮ. ಸಣ್ಣ ಕಾರಿನ ತಳ ಸುಮಾರು ಮೂರೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಂದರೆ ಐದು ಚದರ ಮೀಟರ್. ನೀರು ತಳದಿಂದ 10 ಸೆಂ.ಮೀ. ಮೇಲೇರಿದರೆ 500 ಲೀಟರ್ ನೀರು ಸರಿಯುತ್ತದೆ, ಅಂದರೆ 500 ಕಿಲೋ ಭಾರ ಚಕ್ರಗಳ ಮೇಲಿಂದ ಕಡಿಮೆಯಾಗುತ್ತದೆ. 20 ಸೆಂ.ಮೀ. ಏರಿದರೆ ಒಂದು ಟನ್. ಕಾರಿನ ಒಟ್ಟು ತೂಕವೇ ಹೆಚ್ಚುಕಡಿಮೆ ಅಷ್ಟು. ತಳ ನೆಲದಿಂದ ಸುಮಾರು ಒಂದು ಗೇಣು ಮೇಲಿರುತ್ತದೆ. ಲೆಕ್ಕ ಹಾಕಿ ನೋಡಿರಿ, ನೀರು ಮೊಣಕಾಲು ಮುಟ್ಟುವುದರೊಳಗೆ ಕಾರು ನೆಲ ಬಿಟ್ಟಿರುತ್ತದೆ. ಅದಕ್ಕೂ ಮೊದಲೇ ಟೈರಿನ ಹಿಡಿತ ಸಡಿಲಾಗಿ, ಹರಿಯುವ ನೀರು ಅಡ್ಡಕ್ಕೆ ನೂಕತೊಡಗುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಭಾರದ ಗಾಡಿಗೆ ಇನ್ನಷ್ಟು ನೀರು ಬೇಕು, ಅಷ್ಟೇ ವ್ಯತ್ಯಾಸ. ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಎಂಬುದು ಯಾವ ಚಾಲಕನಿಗೂ ಕಾಣುವುದಿಲ್ಲ.

ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ 2023ರ ಮೇ 21ರಂದು ಆದದ್ದು ಇದೇ. ಅಂದು ಭಾರಿ ಮಳೆಯಾಗಿ ನೀರು ನಿಂತಿತ್ತು. ದಾಟಬಹುದೆಂದು ಇಳಿದ ಬಾಡಿಗೆ ಕಾರು ನಡುವೆ ನಿಂತಿತು. ಒಳಗಿದ್ದ ಕುಟುಂಬದವರು ಹೊರಬರಲು ಯತ್ನಿಸುವಷ್ಟರಲ್ಲಿ ನೀರು ಏರತೊಡಗಿತು. ಸುತ್ತಲಿನ ಜನ ಸೀರೆ, ಹಗ್ಗ ಎಸೆದರು. ಕೊನೆಗೆ ಉಳಿದವರನ್ನು ಪಾರು ಮಾಡಲಾಯಿತು, 22 ವರ್ಷದ ಯುವತಿಯೊಬ್ಬಳು ಉಳಿಯಲಿಲ್ಲ. ರಾಜಧಾನಿಯ ನಡುವೆ, ವಿಧಾನಸೌಧದ ಕೂಗಳತೆಯಲ್ಲಿ ನಡೆದ ಘಟನೆ ಇದು. ಗದಗ–ಹೊಟಗಿ ರೈಲು ಮಾರ್ಗದ ಕೆಳಗೆ ಹಾಯುವ ನಮ್ಮ ದಾರಿಗಳಲ್ಲಿ ಮಳೆಗಾಲದಲ್ಲಿ ನೀರು ನಿಂತಾಗಲೂ ಇದನ್ನು ನೆನೆಯಬೇಕು.

ಬಿದ್ದ ಮೇಲೆ

ಗಾಡಿ ನೀರಿಗೆ ಬಿದ್ದ ಕೂಡಲೇ ಕಲ್ಲಿನಂತೆ ತಳ ಸೇರುವುದಿಲ್ಲ. ಮುಚ್ಚಳ ಹಾಕಿದ ಖಾಲಿ ಕ್ಯಾನಿನ ಹಾಗೆ ಸ್ವಲ್ಪ ಹೊತ್ತು ತೇಲುತ್ತದೆ. ಆದರೆ ಇದು ಸೋರುವ ಕ್ಯಾನು. ಎಂಜಿನ್ ಇರುವ ಮುಂಭಾಗ ಭಾರವಾದ್ದರಿಂದ ಮೂತಿ ಮೊದಲು ಇಳಿಯುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ನಿಜವಾದ ವಾಹನಗಳಲ್ಲಿ ಜನರನ್ನು ಕೂರಿಸಿ ನೀರಿಗೆ ಇಳಿಸಿ ಇದನ್ನು ಪರೀಕ್ಷಿಸಿದ್ದಾರೆ. ಅವರು ಕಂಡುಕೊಂಡಂತೆ ವಾಹನ ತೇಲುವುದು ಅರ್ಧ ನಿಮಿಷದಿಂದ ಎರಡು ನಿಮಿಷ. ಅದರಲ್ಲೂ ಕಿಟಕಿ ಸುಲಭವಾಗಿ ಇಳಿಯುವುದು ಮೊದಲ ಅರ್ಧ ಅಥವಾ ಒಂದು ನಿಮಿಷ ಮಾತ್ರ. ನೀರು ಗಾಜಿನ ಮಟ್ಟಕ್ಕೆ ಬಂದರೆ ಗಾಜು ಚೌಕಟ್ಟಿಗೆ ಒತ್ತಿಕೊಂಡು ಸರಿಯುವುದಿಲ್ಲ.

ಆ ಒಂದು ನಿಮಿಷದ ಕೆಲಸ ಇಷ್ಟೇ: ಸೀಟಿನ ಬೆಲ್ಟು ಬಿಚ್ಚುವುದು, ಕಿಟಕಿ ಇಳಿಸುವುದು, ಹೊರಗೆ ಹೋಗುವುದು, ಮಕ್ಕಳನ್ನು ಮೊದಲು ದಾಟಿಸುವುದು. ಮಕ್ಕಳಲ್ಲಿ ದೊಡ್ಡವರನ್ನು ಮೊದಲು ಕಿಟಕಿಯಿಂದ ನೂಕಿ, ಕೂಸನ್ನು ಎದೆಗವಚಿಕೊಂಡು ನೀವು ಹೊರಡಬೇಕು. ಮೊಬೈಲ್ ಕೈಗೆತ್ತಿಕೊಳ್ಳಬಾರದು. ಅಣ್ಣನಿಗೆ ಫೋನು ಹಚ್ಚಿ ಎಲ್ಲಿ ಬಿದ್ದಿದ್ದೇವೆಂದು ಹೇಳಿ ಮುಗಿಸುವಷ್ಟರಲ್ಲಿ ಆ ನಿಮಿಷ ಕಳೆದಿರುತ್ತದೆ, ಅಣ್ಣ ಬರಲು ಅರ್ಧ ತಾಸು. ಚೀಲ, ದುಡ್ಡು, ಕಾಗದಪತ್ರ ಹುಡುಕಬಾರದು. ಕೀಲಿ ಆರಿಸಬಾರದು, ಗುಂಡಿ ಒತ್ತಿ ಇಳಿಸುವ ಕಿಟಕಿಗೆ ಕರೆಂಟು ಬೇಕು. ನೀರಿಗೆ ಬಿದ್ದ ಮೊದಲ ಕ್ಷಣಗಳಲ್ಲಿ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಹಿಡಿ ತಿರುಗಿಸುವ ಹಳೇ ಕಿಟಕಿ ಇದ್ದರಂತೂ ನಿಮ್ಮ ಪುಣ್ಯ.

ಹೆಚ್ಚಿನವರು ಗಾಬರಿಯಲ್ಲಿ ಕೈ ಹಾಕುವುದು ಬಾಗಿಲಿಗೆ. ಇದು ಏಕೆ ತಪ್ಪು ಎಂಬುದಕ್ಕೂ ನಮ್ಮ ಕ್ಯಾನಿನ ಲೆಕ್ಕ ಸಾಕು. ಗಾಜಿನ ಕೆಳಗಿನ ಬಾಗಿಲು ಒಂದು ಮೀಟರ್ ಅಗಲ, 70 ಸೆಂ.ಮೀ. ಎತ್ತರ ಇದೆ ಎನ್ನಿ. ಹೊರಗಿನ ನೀರು ಅದರ ಮೇಲಂಚಿಗೆ ಬಂದಾಗ ಒಳಗೆ ಇನ್ನೂ ನೀರಿಲ್ಲದಿದ್ದರೆ ಬಾಗಿಲ ಮೇಲೆ ಬೀಳುವ ಒತ್ತಡ ಸುಮಾರು 245 ಕಿಲೋ. ಅಂದರೆ 40 ಲೀಟರಿನ ಆರು ತುಂಬಿದ ಕ್ಯಾನುಗಳನ್ನು ಹೊರಗಿನಿಂದ ಒತ್ತಿ ಹಿಡಿದಂತೆ. ಗಟ್ಟಿ ಆಳಿನ ಕೈಯಿಂದಲೂ ಅದು ಸರಿಯುವುದಿಲ್ಲ. ಒಂದು ವೇಳೆ ಆರಂಭದಲ್ಲೇ ಬಾಗಿಲು ತೆರೆದುಕೊಂಡರೂ ನೀರು ಒಮ್ಮೆಲೆ ನುಗ್ಗಿ, ಎರಡು ನಿಮಿಷ ತೇಲಬೇಕಾದ ಗಾಡಿ ಕೆಲವೇ ಕ್ಷಣಗಳಲ್ಲಿ ಮುಳುಗುತ್ತದೆ. ಹಿಂದೆ ಕುಳಿತ ಮಕ್ಕಳಿಗೆ ಉಳಿಗಾಲವಿಲ್ಲ.

ಒಳಗೆ ನೀರು ಪೂರ್ತಿ ತುಂಬುವ ತನಕ ಕಾಯಬೇಕು, ಆಮೇಲೆ ಎರಡೂ ಕಡೆಯ ಒತ್ತಡ ಸರಿಯಾಗಿ ಬಾಗಿಲು ತಾನೇ ತೆಗೆಯುತ್ತದೆ ಎಂದು ಕೆಲವರು ಹೇಳುವುದುಂಟು. ಶಾಸ್ತ್ರದ ಪ್ರಕಾರ ಅದು ಸುಳ್ಳಲ್ಲ. ಆದರೆ ಕತ್ತಲಲ್ಲಿ, ಕೆಸರು ನೀರಿನಲ್ಲಿ, ತಲೆಕೆಳಗಾದ ಗಾಡಿಯಲ್ಲಿ ಉಸಿರು ಕಟ್ಟಿ ಚಿಲಕ ಹುಡುಕುವುದು ಎಷ್ಟು ಜನರಿಂದ ಸಾಧ್ಯ? ಬೇರೆ ದಾರಿಯೇ ಉಳಿಯದಿದ್ದಾಗ ಮಾತ್ರ ಅದು. ಆಗ ನೀರು ಗದ್ದಕ್ಕೆ ಬರುವಾಗ ದೀರ್ಘ ಉಸಿರು ಎಳೆದು, ಒಂದು ಕೈಯಲ್ಲಿ ಚಿಲಕ ಹಿಡಿದೇ ಇದ್ದು, ನೀರು ತುಂಬಿದ ಕೂಡಲೇ ಭುಜದಿಂದ ನೂಕಬೇಕು. ಹಿಂದಿನ ಬಾಗಿಲುಗಳಿಗೆ ಮಕ್ಕಳ ಲಾಕು ಹಾಕಿದ್ದರೆ ಅವು ಒಳಗಿನಿಂದ ತೆರೆಯುವುದೇ ಇಲ್ಲ ಎಂಬುದೂ ಗೊತ್ತಿರಲಿ.

ಗಾಜು ಒಡೆಯುವುದು

ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜನ್ನೇ ಒಡೆಯಬೇಕು. ಮುಂದಿನ ದೊಡ್ಡ ಗಾಜಿಗೆ ಗುದ್ದಿ ಪ್ರಯೋಜನವಿಲ್ಲ. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ ಮಾಡಿದ್ದು, ಬಿರುಕು ಬಿಡುತ್ತದೆಯೇ ಹೊರತು ದಾರಿ ಕೊಡುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಕಾಯಿಸಿ ಗಟ್ಟಿ ಮಾಡಿದ ಟೆಂಪರ್ಡ್ ಗಾಜು. ಚೂಪಾದ ಮೊನೆಯಿಂದ ಅದರ ಮೂಲೆಗೆ ಹೊಡೆದರೆ ಜೋಳದ ಕಾಳಿನಂತೆ ಪುಡಿಯಾಗಿ ಉದುರುತ್ತದೆ. ಕೈಯಿಂದಲೋ ಮೊಣಕೈಯಿಂದಲೋ ಒಡೆಯುವುದು ಸಿನೆಮಾದಲ್ಲಿ ಮಾತ್ರ. ಸೀಟಿನ ತಲೆದಿಂಬು ಕಿತ್ತು ಅದರ ಸರಳಿನಿಂದ ಒಡೆಯಬಹುದು ಎಂಬ ಮಾತು ಊರೆಲ್ಲ ಹಬ್ಬಿದೆ, ಆದರೆ ಅದು ಆ ಕೆಲಸಕ್ಕೆ ಮಾಡಿದ್ದಲ್ಲ, ನಂಬಿ ಕೂರುವಂಥದ್ದೂ ಅಲ್ಲ. ಗಾಜು ಒಡೆಯಲೆಂದೇ ಮಾಡಿದ ಸಣ್ಣ ಸುತ್ತಿಗೆ, ಸ್ಪ್ರಿಂಗಿನ ಪಂಚು ಅಂಗಡಿಯಲ್ಲಿ ಸಿಗುತ್ತವೆ. ನೀರಿನೊಳಗೆ ಸುತ್ತಿಗೆ ಬೀಸಿದರೆ ಏಟಿಗೆ ಜೋರು ಬರುವುದಿಲ್ಲ, ಆದ್ದರಿಂದ ಒತ್ತಿದರೆ ಸಾಕಾಗುವ ಸ್ಪ್ರಿಂಗಿನದೇ ಮೇಲು. ಅದನ್ನು ಡಿಕ್ಕಿಯಲ್ಲಿ ಇಟ್ಟರೆ ಇದ್ದೂ ಇಲ್ಲದಂತೆ. ಚಾಲಕನ ಕೈಗೆ ಎಟಕುವಲ್ಲಿ ಕಟ್ಟಿರಬೇಕು.

ಹೊಸ ಕಾರು ಕೊಂಡವರಿಗೆ ಒಂದು ಸೂಚನೆ. ಈಚಿನ ಕೆಲವು ಕಾರುಗಳಲ್ಲಿ ಪಕ್ಕದ ಗಾಜು ಕೂಡ ಮುಂದಿನದರಂತೆ ಪ್ಲಾಸ್ಟಿಕ್ ಹಾಳೆ ಸೇರಿಸಿದ್ದು ಇರುತ್ತದೆ. ಅಮೆರಿಕದ ಎ.ಎ.ಎ. ಎಂಬ ವಾಹನ ಸಂಘ 2019ರಲ್ಲಿ ಆರು ಬಗೆಯ ಉಪಕರಣ ಪರೀಕ್ಷಿಸಿದಾಗ ನಾಲ್ಕು ಟೆಂಪರ್ಡ್ ಗಾಜನ್ನು ಒಡೆದವು, ಹಾಳೆ ಸೇರಿಸಿದ ಗಾಜನ್ನು ಒಂದೂ ಒಡೆಯಲಿಲ್ಲ. ಗಾಜಿನ ಮೂಲೆಯಲ್ಲಿ ಟೆಂಪರ್ಡ್ ಅಥವಾ ಲ್ಯಾಮಿನೇಟೆಡ್ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಓದಲು ಬರುವ ಮಗನನ್ನೋ ಮಗಳನ್ನೋ ಕರೆದು ಇಂದೇ ನೋಡಿಸಿರಿ.

ಕಾಲುವೆ, ಹಳ್ಳ, ಹಿನ್ನೀರು

ಮೂರೂ ಒಂದೇ ಅಲ್ಲ. ಕಾಲುವೆ ಎಲ್ಲಕ್ಕಿಂತ ಮೋಸದ್ದು. ನೋಡಲು ಕಿರಿದು, ದಂಡೆ ಕೈಗೆ ಸಿಗುವಷ್ಟು ಹತ್ತಿರ, ಆದರೆ ಸಿಮೆಂಟಿನ ಇಳಿಜಾರು ಪಾಚಿ ಹಿಡಿದು ಜಾರುತ್ತದೆ, ನೀರು ಒಂದೇ ಸಮನೆ ಎಳೆಯುತ್ತದೆ. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ 2018ರ ನವೆಂಬರ್ 24ರಂದು ಖಾಸಗಿ ಬಸ್ಸು ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳಿದ್ದರು. ನಟ ಅಂಬರೀಶ್ ತೀರಿಕೊಂಡದ್ದೂ ಅದೇ ರಾತ್ರಿಯಾದ್ದರಿಂದ ಆ ದಿನ ಹಲವರಿಗೆ ನೆನಪಿರಬಹುದು. 2023ರ ನವೆಂಬರ್‌ನಲ್ಲಿ ಅದೇ ನಾಲೆಗೆ ಬನಘಟ್ಟದ ಬಳಿ ಕಾರೊಂದು ಬಿದ್ದು ಐವರು ಹೋದರು. ನೀರಾವರಿಯ ಸುಖ ಉಂಡ ಮಂಡ್ಯದವರಿಗೆ ಬಂದದ್ದು, ಕಾಲುವೆ ದಂಡೆಯ ದಾರಿಯಲ್ಲಿ ದಿನಾ ಓಡಾಡುವ ನಮಗೂ ಬರಬಹುದು. ಕಾಲುವೆಗೆ ಬಿದ್ದವರು ಗಾಡಿಯಿಂದ ಹೊರಬಂದ ಮೇಲೆ ನೀರಿಗೆ ಎದುರಾಗಿ ಈಜಬಾರದು. ಹರಿವಿನ ಜೊತೆಗೇ ಓರೆಯಾಗಿ ದಂಡೆಯತ್ತ ಸರಿಯುತ್ತ ಮೆಟ್ಟಿಲನ್ನೋ ಸೇತುವೆಯ ಕಟ್ಟೆಯನ್ನೋ ಹಿಡಿಯಬೇಕು.

ಹಳ್ಳದಲ್ಲಿ ಗಾಡಿ ಸಿಕ್ಕಿಕೊಂಡು ಇನ್ನೂ ನೆಲ ಹಿಡಿದಿದ್ದರೆ ಕಿಟಕಿಯಿಂದ ಟಾಪಿನ ಮೇಲೆ ಹತ್ತಿ ಅಲ್ಲೇ ಕೂರುವುದು ಒಳ್ಳೆಯದು. ಹರಿವು ಎಳೆದೊಯ್ದರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿಕೊಂಡು ತೇಲಬೇಕು, ಬಂಡೆ ಬಂದರೆ ಕಾಲಿಗೆ ತಾಗಲಿ, ತಲೆಗಲ್ಲ. ಹಿನ್ನೀರಿನಲ್ಲಿ ಎಳೆತ ಇಲ್ಲ, ಆಳ ಇದೆ. ಅಲ್ಲಿ ಹೊರಬಂದ ಕೂಡಲೇ ಮುಳುಗುವ ಗಾಡಿಯಿಂದ ದೂರ ಸರಿಯಬೇಕು.

ದಂಡೆಯ ಮೇಲಿದ್ದವರು ಈಜು ಬಾರದೆ ಹಾರುವುದು ಬೇಡ. ಒಬ್ಬರು 112ಕ್ಕೆ ಫೋನು ಮಾಡಲಿ. ಉಳಿದವರು ದನದ ಹಗ್ಗ, ಗಂಟು ಹಾಕಿದ ಸೀರೆ, ಧೋತರ ಎಸೆಯಲಿ. ಇಳಕಲ್ ಸೀರೆ ಎರಡು ಜೋಡಿಸಿದರೆ ಸಣ್ಣ ಕಾಲುವೆಯ ಅಗಲಕ್ಕೆ ಸಾಕಾಗುತ್ತದೆ. ಹಾಲಿನ ಗಾಡಿ ಹತ್ತಿರವಿದ್ದರೆ ಮುಚ್ಚಳ ಬಿಗಿಯಾಗಿರುವ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಮೇಲ್ಗಡೆಯಿಂದ ತೇಲಿಬಿಡಬಹುದು. ತಲೆಗೆ ಬಡಿಯುವಂತೆ ಎಸೆಯಬಾರದು. ಮುಚ್ಚಿದ ಖಾಲಿ ಕ್ಯಾನನ್ನು ತಬ್ಬಿ ಹಿಡಿದ ಮನುಷ್ಯ ಮುಳುಗುವುದಿಲ್ಲ.

ಸಂತೆಗೆ ಎಮ್ಮೆ, ಆಕಳು ಸಾಗಿಸುವವರು ಮೂಗುದಾರವನ್ನು ಗಾಡಿಗೆ ಬಿಗಿ ಗಂಟಿನಿಂದ ಕಟ್ಟದೆ, ಎಳೆದರೆ ಬಿಚ್ಚುವ ಜಾರುಗಂಟು ಹಾಕಬೇಕು. ಬಿಟ್ಟ ದನ ತಾನೇ ಈಜಿ ದಂಡೆ ಸೇರುತ್ತದೆ, ಕಟ್ಟಿದ್ದು ಗಾಡಿಯ ಜೊತೆಗೇ ಹೋಗುತ್ತದೆ. ಹಿಂದೆ ಜನ ಕುಳಿತಾಗ ತಾಡಪಲ್ಲನ್ನು ನಾಲ್ಕೂ ಕಡೆ ಕಟ್ಟಿ ಮುಚ್ಚುವುದೂ ಬೇಡ.

ನೀರಿನಿಂದ ತೆಗೆದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು ನಮ್ಮಲ್ಲಿ ಹಳೇ ರೂಢಿ. ಅದರಿಂದ ಹೊಟ್ಟೆಯ ನೀರು ಬಾಯಿಗೆ ಬಂದು ಉಸಿರಿನ ದಾರಿಗೇ ಇಳಿಯುತ್ತದೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಬೇಕು. ನಂತರ ಎದೆಯ ನಡುವೆ 30 ಸಲ ಗಟ್ಟಿಯಾಗಿ ಒತ್ತಿ, ಎರಡು ಉಸಿರು ಕೊಟ್ಟು, 108ರ ಗಾಡಿ ಬರುವವರೆಗೆ ಹೀಗೇ ಮುಂದುವರಿಸಬೇಕು. ಎದ್ದು ಕುಳಿತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಪುಪ್ಪುಸಕ್ಕೆ ಹೋದ ನೀರಿನ ತೊಂದರೆ ಕೆಲವು ತಾಸು ಬಿಟ್ಟು ಕಾಣಿಸಿಕೊಳ್ಳುವುದುಂಟು.