ಆಂಬ್ಯುಲೆನ್ಸಿಗೆ ದಾರಿ ಬಿಟ್ಟಿರಿ, ಗುದ್ದಲಿ ಹಿಡಿದವರಿಗೆ?

ಹೆಬಳೆಯಿಂದ ಭಟ್ಕಳ ದಾಟಿ ಕುಂದಾಪುರದತ್ತ ಹೋಗುವವರಿಗೆಲ್ಲ ಶಿರೂರು ಟೋಲ್ ಗೊತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬ್ಯುಲೆನ್ಸ್ ಅಲ್ಲಿ ಒದ್ದೆ ರಸ್ತೆಯಲ್ಲಿ ಜಾರಿ ಮಗುಚಿತು. ನಾಲ್ವರು ತೀರಿಕೊಂಡರು. ಸಿಸಿಟಿವಿ ದೃಶ್ಯವನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿತ್ತು: ಟೋಲ್ ಸಿಬ್ಬಂದಿ ಓಡಿ ಬಂದು ಬ್ಯಾರಿಕೇಡ್ ಎಳೆಯುತ್ತಿದ್ದಾರೆ, ಅಷ್ಟರಲ್ಲಿ ಗಾಡಿ ಅವರತ್ತಲೇ ಜಾರಿ ಬರುತ್ತದೆ. ಜೀವ ಉಳಿಸಲು ಹೊರಟವರು, ಅವರಿಗೆ ದಾರಿ ಮಾಡಿಕೊಡಲು ನಿಂತವರು, ಇಬ್ಬರೂ ಒಂದೇ ಅಪಾಯಕ್ಕೆ ಸಿಕ್ಕಿದ್ದರು.

ನಮ್ಮ ಕಡೆ ಕಾಯಿಲೆ ಬಿಗಡಾಯಿಸಿದರೆ ಉಡುಪಿ, ಮಣಿಪಾಲ, ಮಂಗಳೂರೇ ಗತಿ. ಭಟ್ಕಳದಿಂದ ಉಡುಪಿಗೇ ಸುಮಾರು 90 ಕಿ.ಮೀ. ಹಾಗಾಗಿ ಸೈರನ್ ಕೇಳಿದಾಗ ಏನು ಮಾಡಬೇಕೆಂಬುದು ಇಲ್ಲಿನ ಚಾಲಕರಿಗೆ ಬರೀ ಪರೀಕ್ಷೆಯ ಪ್ರಶ್ನೆಯಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 194ಇ ಕಲಂ ಸೇರಿತು. ಆಂಬ್ಯುಲೆನ್ಸ್ ಅಥವಾ ಅಗ್ನಿಶಾಮಕ ವಾಹನ ಬರುವಾಗ ಪಕ್ಕಕ್ಕೆ ಸರಿಯದಿದ್ದರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ಸರಿಯುವುದಕ್ಕೂ ಒಂದು ಕ್ರಮವಿದೆ. ಗಾಬರಿಯಲ್ಲಿ ನಡುರಸ್ತೆಯಲ್ಲಿ ಬ್ರೇಕ್ ಒತ್ತಬೇಡಿ. ಕನ್ನಡಿ ನೋಡಿ, ಎಡ ಇಂಡಿಕೇಟರ್ ಹಾಕಿ, ವೇಗ ಇಳಿಸುತ್ತ ಎಡಕ್ಕೆ ಬನ್ನಿ. ಟೋಲಿನಲ್ಲಿ ತುರ್ತು ವಾಹನಕ್ಕೆಂದು ಬಿಟ್ಟ ಲೇನಿಗೆ ನುಗ್ಗಬೇಡಿ. ಆಂಬ್ಯುಲೆನ್ಸಿನ ಬೆನ್ನು ಹಿಡಿದು ಪುಕ್ಕಟೆ ದಾರಿ ಗಿಟ್ಟಿಸುವ ಬೈಕ್ ಸವಾರರ ಬಗ್ಗೆ ಹೇಳಹೊರಟರೆ ಭಾಷೆ ಕೆಡುತ್ತದೆ.

ಆದರೆ ಈ ಕಲಂ ಹೇಳುವುದು ಬರುತ್ತಿರುವ ವಾಹನದ ಮಾತು. ನಿಂತ ವಾಹನದ, ನಿಂತ ಮನುಷ್ಯರ ಗತಿಯೇನು? ಮಳೆಗಾಲದಲ್ಲಿ ಹೆದ್ದಾರಿ 66ರ ಡಿವೈಡರ್ ನೋಡಿ. ಕಿತ್ತಳೆ ಜಾಕೆಟ್ ತೊಟ್ಟ ಹೆಂಗಸು ಬಗ್ಗಿ ಹುಲ್ಲು ಕೀಳುತ್ತಿರುತ್ತಾಳೆ, ಬೆನ್ನು ವಾಹನಗಳ ಕಡೆಗೆ. ಮೀನಿನ ಲಾರಿ ಹಾದುಹೋದ ರಭಸಕ್ಕೆ ಸೆರಗು ಎದ್ದು ಮುಖಕ್ಕೆ ಬಡಿಯುತ್ತದೆ. ಸ್ವಲ್ಪ ಮುಂದೆ ಹೆಸ್ಕಾಂ ಲೈನ್‌ಮನ್ ಕಂಬದ ಮೇಲೆ. ಅವನ ಏಣಿ ಹಿಡಿದವನು ರಸ್ತೆಯಂಚಿನಲ್ಲಿ.

ಹೀಗೆ ರಸ್ತೆಯಲ್ಲಿ ನಿಂತವರಿಗಾಗಿ ಬೇರೆಡೆ ಕಾನೂನಿದೆ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1994ರಲ್ಲಿ ಅಪಘಾತದ ಸ್ಥಳದಲ್ಲಿದ್ದ ಪ್ಯಾರಾಮೆಡಿಕ್ ಜೇಮ್ಸ್ ಗಾರ್ಸಿಯಾ ಅವರಿಗೆ ವಾಹನ ಬಡಿಯಿತು. ತನಿಖೆ ಮಾಡಿದವರು ತಪ್ಪು ಗಾರ್ಸಿಯಾ ಅವರದೇ ಎಂದರು! ಅವರು ಪಟ್ಟು ಬಿಡದೆ ಹೋರಾಡಿದ್ದರಿಂದ 1996ರಲ್ಲಿ ಅಲ್ಲಿ ಕಾನೂನು ಬಂತು. ದೀಪ ಮಿನುಗಿಸುತ್ತ ನಿಂತ ತುರ್ತು ವಾಹನ ಕಂಡರೆ ಪಕ್ಕದ ಲೇನಿಗೆ ಹೋಗಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. 2012ರ ಹೊತ್ತಿಗೆ 50 ರಾಜ್ಯಗಳಲ್ಲೂ ಇಂಥ ಕಾನೂನಾಯಿತು.

ನಮ್ಮ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ಕಲಂ ಇಲ್ಲ. ಅದೊಂದು ಕೊರತೆಯೇ. ಸದ್ಯಕ್ಕೆ ಒದಗುವುದು 184ನೇ ಕಲಂ: ಜಾಗದ ಸ್ಥಿತಿಗತಿ ಲೆಕ್ಕಿಸದೆ ಅಪಾಯಕಾರಿಯಾಗಿ ಓಡಿಸಿದರೆ ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಜೈಲು ಅಥವಾ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊಣೆ ಚಾಲಕನದಷ್ಟೇ ಅಲ್ಲ. ಕಾಮಗಾರಿ ಜಾಗಕ್ಕೆ ಸಾಕಷ್ಟು ಮೊದಲೇ ಎಚ್ಚರಿಕೆ ಫಲಕ, ಆಮೇಲೆ ವಾಹನಗಳನ್ನು ಓರೆಯಾಗಿ ಸರಿಸುವ ಕೋನ್‌ಗಳ ಸಾಲು ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ರಸ್ತೆಯ ಸುರಕ್ಷಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ 198ಎ ಕಲಮಿನಡಿ ಗುತ್ತಿಗೆದಾರನಿಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಒಂದು ಕೋನ್, ಒಂದು ಹಸಿರು ಸೊಪ್ಪಿನ ಕೊಂಬೆ ನಿಲ್ಲಿಸಿ ಕೈತೊಳೆದುಕೊಂಡರೆ ಅದು ಎಚ್ಚರಿಕೆ ಫಲಕವಾಗದು.

ಇಷ್ಟಾದರೂ ಅಪಘಾತವಾದರೆ, ಗಾಯಾಳುವನ್ನು ಎತ್ತಲು ಕೇಸಿನ ಹೆದರಿಕೆ ಬೇಡ. ನೆರವಾದವರಿಗೆ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ.

ಆಂಬ್ಯುಲೆನ್ಸ್ ಬೇಕಾದರೆ 108, ಪೊಲೀಸ್ ಅಥವಾ ಅಗ್ನಿಶಾಮಕ ದಳಕ್ಕೆ 112. ಹೆದ್ದಾರಿಯಲ್ಲಿ ಫಲಕವಿಲ್ಲದ ಕಾಮಗಾರಿ ಕಂಡರೆ 1033ಕ್ಕೆ ಕರೆ ಮಾಡಿ ತಿಳಿಸಿ, ಗಾಡಿ ನಿಲ್ಲಿಸಿಯೇ.